ಮೂವತ್ತು ಸಲ ತೆಗೆದ ಹಿಮ

ಜನವರಿ ೧೪, ಮಂಗಳವಾರ

ಇವತ್ತಿನಿಂದ ನಾನು ಅಧಿಕೃತ ಏಜೆಂಟ್. ಡೂಗಲ್ ರಾಂಕಿನ್ ಉಪಚುನಾವಣೆಗೆ ನಿಂತಿದ್ದಾನೆ. ಅವನ ಪ್ರಚಾರಕ್ಕೆ ಬರುವ ಒಂದೊಂದು ಸೆಂಟಿಗೂ ಹೋಗುವ ಒಂದೊಂದು ಸೆಂಟಿಗೂ ಒಟ್ಟಾವದ ಚುನಾವಣಾ ಕಚೇರಿಗೆ ಲೆಕ್ಕ ಕೊಡಬೇಕಾದವಳು ನಾನು. ತಪ್ಪಾದರೆ ಕೋರ್ಟಿನ ಕಟ್ಟೆ ಹತ್ತಬೇಕಾದವಳೂ ನಾನೇ. ಡೂಗಲ್ ಶಾಲೆಯಲ್ಲಿ ಸಂಗೀತ ಕಲಿಸುತ್ತಾನೆ. ಪಿಟೀಲು ಚೆನ್ನಾಗಿ ನುಡಿಸುತ್ತಾನೆ, ಕೂಡುವುದು ಕಳೆಯುವುದು ಮಾತ್ರ ಬರುವುದಿಲ್ಲ.

"ಮರ್ಡೀನಾ, ಮೂವತ್ತೊಂದು ವರ್ಷ ಅಂಚೆ ಕಚೇರಿ ನಡೆಸಿದೋರು ನೀವು. ಒಂದು ಸ್ಟಾಂಪು ಹೆಚ್ಚುಕಮ್ಮಿ ಆಗಿಲ್ಲ. ನೀವಲ್ದೆ ಇನ್ಯಾರು?" ಅಂದ. ಹೊಗಳಿಕೆಗೆ ಮರುಳಾಗುವವಳಲ್ಲ ನಾನು. ಆದರೆ ಮಾತು ನಿಜ.

ಪಕ್ಕದ ಹಳೆಯ ಹಾರ್ಡ್‌ವೇರ್ ಅಂಗಡಿಯೇ ನಮ್ಮ ಪ್ರಚಾರ ಕಚೇರಿ. ನನ್ನ ಅಡುಗೆಮನೆ ಬಾಗಿಲಿನಿಂದ ಅದರ ಹಿಂಬಾಗಿಲಿಗೆ ನಲವತ್ತು ಹೆಜ್ಜೆ. ಆಪರೇಷನ್ ಮಾಡಿ ಹಾಕಿದ ಹೊಸ ಸೊಂಟದ ಕೀಲಿಗೆ ನಲವತ್ತು ಹೆಜ್ಜೆ ಯಾವ ಲೆಕ್ಕ? ಡಾಕ್ಟರು ಕೋಲು ಕೊಟ್ಟಿದ್ದಾರೆ. ಬೇಸಿಗೆಯಲ್ಲಿ ಟೊಮೇಟೊ ಗಿಡಕ್ಕೆ ಆಸರೆಯಾಗುತ್ತದೆ ಎಂದು ಇಟ್ಟುಕೊಂಡಿದ್ದೇನೆ.

ನಿಯಮದ ಪುಸ್ತಕ ಎರಡು ಸಲ ಓದಿದೆ. ಯಾರು ಬೇಕಾದರೂ ಪುಕ್ಕಟೆ ದುಡಿಯಬಹುದು. ಆದರೆ ಸ್ವಂತ ಕಸುಬಿನವನು ತನ್ನ ಕಸುಬಿನ ಕೆಲಸವನ್ನೇ ಪುಕ್ಕಟೆ ಮಾಡಿದರೆ ಅದು ದೇಣಿಗೆ, ಅದಕ್ಕೆ ಬೆಲೆ ಕಟ್ಟಿ ಬರೆಯಬೇಕು. ನಮ್ಮಲ್ಲಿ ಒಬ್ಬ ಕೊಳಾಯಿ ರಿಪೇರಿಯವನೂ ಒಬ್ಬ ಪೇಂಟರೂ ಇದ್ದಾರೆ. ಕೊಳಾಯಿಯವನಿಗೆ ಗೋಡೆಗೆ ಬಣ್ಣ ಬಳಿಯಲು ಹೇಳಿದೆ, ಪೇಂಟರಿಗೆ ಕೊಳಾಯಿ ಸರಿಮಾಡಲು ಹೇಳಿದೆ. ಇಬ್ಬರೂ ಈಗ ಬರೀ ಸ್ವಯಂಸೇವಕರು. ಬುದ್ಧಿ ಇರುವುದೇ ಇದಕ್ಕೆ.

ಜನವರಿ ೧೬

ಕೊಳಾಯಿ ಸೋರುತ್ತಿದೆ. ನೀರು ಹಿಂಬಾಗಿಲಿನಿಂದ ಹೊರಗೆ ಹರಿದು ಅಂಗಳದಲ್ಲಿ ಹೆಪ್ಪುಗಟ್ಟಿದೆ. ಗೋಡೆಯ ಬಣ್ಣವೂ ಸೋರಿದ ಹಾಗೇ ಕಾಣುತ್ತಿದೆ. ಆದರೂ ಲೆಕ್ಕ ಶುದ್ಧವಾಗಿದೆ.

ಎದುರು ಮನೆಯ ಸೇಡಿ ಬ್ಲೂಬೆರಿ ಪೈ ಕೊಟ್ಟು ಹೋಗಿದ್ದಳು. ಸಂಜೆಯೇ ತಟ್ಟೆ ತೊಳೆದು, ಅದರಲ್ಲಿ ಹನ್ನೆರಡು ಓಟ್ಸ್ ಬಿಸ್ಕತ್ತು ಇಟ್ಟು ಹಿಂದಿರುಗಿಸಿದೆ. ಈ ದಿನಚರಿಯ ಕೊನೆಯ ಪುಟಗಳಲ್ಲಿ ಬರೆದೂ ಇಟ್ಟೆ: ಪೈ ಒಂದು, ತೀರಿತು. ಯಾರ ಋಣವೂ ನನ್ನ ತಲೆಯ ಮೇಲೆ ರಾತ್ರಿ ಕಳೆಯಬಾರದು. ಅಮ್ಮ ಹೇಳುತ್ತಿದ್ದಳು, "ತಟ್ಟೆ ಖಾಲಿ ವಾಪಸ್ ಕೊಡೋರು ಇಬ್ರೇ ಕಣೇ. ಒಂದು ಕಳ್ರು, ಇನ್ನೊಂದು ಮನೆಯೋರು."

ಜನವರಿ ೧೮

ರಾತ್ರಿ ಮೊಣಕಾಲುದ್ದ ಹಿಮ. ಬೆಳಿಗ್ಗೆ ಎದ್ದರೆ ಕಚೇರಿಯ ಅಂಗಳ ಕನ್ನಡಿಯಂತಿದೆ! ಯಾರೋ ನಸುಕಿನಲ್ಲೇ ಟ್ರಕ್ ತಂದು ತೆಗೆದು ಹೋಗಿದ್ದಾರೆ. ಚಕ್ರದ ಗುರುತು ನೋಡಿದೆ. ಊರಿನಲ್ಲಿ ಅಷ್ಟು ಅಗಲದ ಚಕ್ರ ಇರುವುದು ಒಬ್ಬನಲ್ಲೇ, ಹಿಮ ತೆಗೆಯುವ ಗುತ್ತಿಗೆದಾರನಲ್ಲಿ.

ಅವನ ಹೆಸರು ಬರೆಯುವುದಿಲ್ಲ. ನಾವಿಬ್ಬರೂ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು, ಅವನು ನನಗಿಂತ ಆರು ವರ್ಷ ಚಿಕ್ಕವನು ಎನ್ನುವುದು ಸರಕಾರದ ದಾಖಲೆಯಲ್ಲಿದೆ, ಅಷ್ಟು ಸಾಕು. ಹನ್ನೊಂದು ವರ್ಷದ ಹಿಂದಿನ ಚುನಾವಣೆಯಲ್ಲಿ ಅವನು ಅಮ್ಮನ ಅಂಗಳದಲ್ಲಿ 'ಅವರ' ಪಕ್ಷದ ಫಲಕ ನೆಟ್ಟ. ಅಮ್ಮನ ಅಂಗಳದಲ್ಲಿ! ಅಮ್ಮನ ಅಜ್ಜನ ಕಾಲದಿಂದ ನಮ್ಮ ಮನೆ 'ನಮ್ಮ' ಪಕ್ಷ. ಇವನು ಕೊಲೆಟ್‌ಳನ್ನು ಮದುವೆಯಾಗಿ ಅವಳ ಮನೆಯವರ ಪಕ್ಷ ಸೇರಿದ. ನಾನು ಫಲಕ ಕಿತ್ತು ಸಮುದ್ರಕ್ಕೆಸೆದೆ. ಅವನು ನನ್ನನ್ನು ಏನೋ ಅಂದ, ನಾನೂ ಅವನನ್ನು ಏನೋ ಅಂದೆ. ಆಮೇಲೆ ಮಾತಿಲ್ಲ. ಅಮ್ಮನ ಶವಪೆಟ್ಟಿಗೆಯನ್ನು ಅವನು ಎಡಗಡೆ ಹೊತ್ತ. ನಾನು ಬಲಗಡೆ ನಡೆದೆ.

ಅಂಥವನು ನಮ್ಮ ಕಚೇರಿಯ ಹಿಮ ತೆಗೆದಿದ್ದಾನೆ. ಬಹುಶಃ ವಿಳಾಸ ತಪ್ಪಿರಬೇಕು.

ಜನವರಿ ೨೩

ವಿಳಾಸ ತಪ್ಪಿಲ್ಲ. ಇದು ಐದನೆಯ ಸಲ.

ಫೆಬ್ರವರಿ ೯, ಭಾನುವಾರ

ನಾಲ್ಕು ಅಂಗುಲ ಹಿಮ. ಗುತ್ತಿಗೆದಾರ ಬಂದು ಹೋದ. ಕೊಳಾಯಿ ಇನ್ನೂ ಸೋರುತ್ತಿದೆ. ಡೂಗಲ್ ಚರ್ಚಿನ ಸಭಾಂಗಣದಲ್ಲಿ ತೆರಿಗೆಯ ಬಗ್ಗೆ ಭಾಷಣ ಮಾಡಲು ಹೋಗಿ ಅರ್ಧಕ್ಕೇ ಪಿಟೀಲು ಎತ್ತಿಕೊಂಡನಂತೆ. ಜನ ಚಪ್ಪಾಳೆ ತಟ್ಟಿದರಂತೆ.

ಫೆಬ್ರವರಿ ೨೫

ಸೋತೆವು. ಮೂರನೆಯ ಸ್ಥಾನ. ಆದರೆ ನೂರಕ್ಕೆ ಹತ್ತು ಮತ ಬಂದವರಿಗೆ ಸರಕಾರ ಖರ್ಚಿನ ಅರ್ಧಕ್ಕಿಂತ ಹೆಚ್ಚು ಪಾಲು ವಾಪಸ್ ಕೊಡುತ್ತದೆ. ನಾವು ಆ ಗೆರೆಯನ್ನು ನಲವತ್ತೊಂದು ಮತದಿಂದ ದಾಟಿದ್ದೇವೆ! ಗೆದ್ದವರಿಗಿಂತ ಹೆಚ್ಚು ಕುಣಿದೆವು. ನಾನು ಕುಣಿಯಲಿಲ್ಲ, ಸೊಂಟ. ಇನ್ನುಳಿದದ್ದು ನಾಲ್ಕು ತಿಂಗಳೊಳಗೆ ಲೆಕ್ಕ ಒಪ್ಪಿಸುವುದು. ನೀರು ಕುಡಿದಷ್ಟು ಸುಲಭ.

ಮಾರ್ಚ್ ೨೦

ನೀರೇ ಗಂಟಲಲ್ಲಿ ಸಿಕ್ಕಿಕೊಂಡಿತು.

ಒಟ್ಟಾವದಿಂದ ಪತ್ರ ಬಂದಿದೆ. 'ಅವರ' ಪಕ್ಷದ ಏಜೆಂಟ್ ವಾಲೆಸ್ ಪೆಟಿಪಾ ದೂರು ಕೊಟ್ಟಿದ್ದಾನೆ. ತನ್ನ ಔಷಧಿ ಅಂಗಡಿ ಮುಚ್ಚಿದ ಮೇಲೆ ಅವನಿಗೆ ಕಿಟಕಿಯಲ್ಲಿ ಕೂರುವುದು ಬಿಟ್ಟು ಬೇರೆ ಕೆಲಸವಿಲ್ಲ. ಹಿಮ ತೆಗೆಯುವುದೇ ಕಸುಬಾದ ವ್ಯಕ್ತಿ ನಮ್ಮ ಕಚೇರಿಗೆ ಮೂವತ್ತು ಸಲ ಪುಕ್ಕಟೆ ಹಿಮ ತೆಗೆದಿದ್ದಾನೆ, ಸಲಕ್ಕೆ ಅರವತ್ತು ಡಾಲರಿನಂತೆ ಸಾವಿರದ ಎಂಟುನೂರು ಡಾಲರಿನ ದೇಣಿಗೆ. ಒಬ್ಬ ವ್ಯಕ್ತಿ ಕೊಡಬಹುದಾದದ್ದು ಸಾವಿರದ ಏಳುನೂರ ಐವತ್ತು. ಐವತ್ತು ಡಾಲರ್ ಮೀರಿದೆ! ಜೊತೆಗೆ ತಾರೀಖುಗಳ ಪಟ್ಟಿ, ಅವನ ಕಿಟಕಿಯಿಂದ ತೆಗೆದ ಆರು ಫೋಟೋ.

ಕಾನೂನು ಮುರಿದವನಿಗೆ ನಮ್ಮ ಪುರಸಭೆ ರಸ್ತೆಯ ಹಿಮದ ಗುತ್ತಿಗೆ ಕೊಡುವುದಿಲ್ಲ. ಆದರೆ ಅದು ಅವನ ತಲೆನೋವು. ನನ್ನದು ಸಹಿ. ಲೆಕ್ಕದ ಕೆಳಗೆ ಬೀಳುವುದು ಮರ್ಡೀನಾ ಮ್ಯಾಕಾಸ್ಕಿಲ್ ಎಂಬ ಸಹಿ. ದೇಣಿಗೆ ಎಂದು ಬರೆದರೆ ಅವನು ಅಪರಾಧಿ. ಬರೆಯದಿದ್ದರೆ ನಾನು ಸುಳ್ಳುಗಾತಿ. ಅತ್ತ ದರಿ, ಇತ್ತ ಪುಲಿ.

ದಿನಸಿ ಅಂಗಡಿಯಲ್ಲಿ ಪೆಟಿಪಾ ಸಿಕ್ಕಿದ. "ವೈಯಕ್ತಿಕವಾಗಿ ಏನೂ ಇಲ್ಲ ಮರ್ಡೀನಾ. ಕಾನೂನು ಅಂದ್ರೆ ಕಾನೂನು, ನೀವೇ ಅನ್ನೋ ಮಾತು" ಅಂದ.

"ಹೌದು ವಾಲೆಸ್. ಹಾಗೇ ನೀವು ತಳ್ಕೊಂಡು ಹೋಗ್ತಿರೋದು ನನ್ನ ಸಾಮಾನಿನ ಗಾಡಿ. ಅದಕ್ಕೂ ಒಂದು ಕಾನೂನು ಇರಬೇಕು, ನೋಡಿ" ಅಂದೆ.

ಈಗ ಎಲ್ಲ ಅರ್ಥವಾಯಿತು. ಇದು ಒಳಸಂಚು. ಗುತ್ತಿಗೆದಾರ ಬೇಕೆಂದೇ ಮಿತಿ ಮೀರುವಷ್ಟು ಹಿಮ ತೆಗೆದ, ಅವನ ಪಕ್ಷದವನೇ ಫೋಟೋ ತೆಗೆದ. ಉಪಕಾರ ಮಾಡಿ ನಮ್ಮನ್ನು ಕೆಡವುವ ಉಪಾಯ. ಹನ್ನೊಂದು ವರ್ಷ ಕಾದು ಹೊಂಚು ಹಾಕಿದ್ದಾನೆ.

ಮಾರ್ಚ್ ೨೪

ದುಡ್ಡು ಕೊಟ್ಟುಬಿಟ್ಟರೆ ಅದು ದೇಣಿಗೆಯಲ್ಲ, ಖರ್ಚು. ಹಾಗೆಂದು ಗುತ್ತಿಗೆದಾರನಿಗೆ ಪತ್ರ ಬರೆದೆ: 'ಮಾನ್ಯರೇ, ತಮ್ಮ ಸೇವೆಗೆ ಬಿಲ್ ಕಳುಹಿಸಬೇಕಾಗಿ ಕೋರುತ್ತೇನೆ.' ನನ್ನ ಪತ್ರವೇ ವಾಪಸ್ ಬಂತು. ಹಾಳೆಯ ಹಿಂಬದಿಗೆ ಪೆನ್ಸಿಲಿನಲ್ಲಿ ಒಂದು ಸಾಲು: 'ಬಿಲ್ ಇಲ್ಲ.'

ಮಾರ್ಚ್ ೩೦

ಇನ್ನೊಂದು ಪತ್ರ: 'ಮಾನ್ಯರೇ, ಹಾಗಾದರೆ ತಾವು ಹಿಮ ಏಕೆ ತೆಗೆದಿರಿ ಎಂಬುದನ್ನು ಲಿಖಿತವಾಗಿ ತಿಳಿಸುವುದು.' ಹಿಂಬದಿಗೆ: 'ಬಿದ್ದಿತ್ತು, ತೆಗೆದೆ.'

ಇಂಥವನ ಜೊತೆ ಒಂದೇ ಮನೆಯಲ್ಲಿ ಹತ್ತೊಂಬತ್ತು ವರ್ಷ ಹೇಗೆ ಬೆಳೆದೆನೋ!

ಏಪ್ರಿಲ್ ೮

ಒಟ್ಟಾವದ ತನಿಖಾಧಿಕಾರಿ ಫೋನ್ ಮಾಡಿದ್ದರು. ಶ್ರೀಮತಿ ಲೋರಾಂದೊ. ಸೌಮ್ಯ ದನಿ.

"ಅವರು ಯಾಕೆ ಹಿಮ ತೆಗೆದ್ರು ಮೇಡಂ?"

"ಗೊತ್ತಿಲ್ಲ."

"ನೀವು ಕೇಳಲಿಲ್ವಾ?"

"ಪತ್ರ ಬರೆದು ಕೇಳಿದೆ. ನಾವು ಮಾತಾಡಲ್ಲ."

"ಈ ದೂರು ಬಂದಾಗಿನಿಂದಲಾ?"

"ಹನ್ನೊಂದು ವರ್ಷದಿಂದ. ಅವನು ನನ್ನ ತಮ್ಮ."

ಆಚೆ ಕಡೆ ಪೆನ್ನು ಕೆಳಗಿಟ್ಟ ಸದ್ದು. "ಅಂದ್ರೆ, ವಿರೋಧ ಪಕ್ಷದವರು, ನಿಮ್ಮ ಜೊತೆ ಮಾತೂ ಆಡದವರು, ನಿಮ್ಮ ಕಚೇರಿಗೆ ಮೂವತ್ತು ಸಲ ಪುಕ್ಕಟೆ ಹಿಮ ತೆಗೆದಿದ್ದಾರೆ. ಮೇಡಂ, ಹದಿನಾಲ್ಕು ವರ್ಷ ಆಯ್ತು ನಾನು ಈ ಕೆಲಸಕ್ಕೆ ಬಂದು. ಇಂಥ ದೂರು ಇದೇ ಮೊದಲು."

ಆಮೇಲೆ ಒಂದು ದಾರಿ ತೋರಿಸಿದರು. ಮೂವತ್ತರಲ್ಲಿ ಒಂದು ಸಲ ಕಡಿಮೆಯಾದರೂ ಮೊತ್ತ ಮಿತಿಯೊಳಗೆ ಬರುತ್ತದೆ. ಇಪ್ಪತ್ತೊಂಬತ್ತು ದಿನದ ಹಿಮ ಹವಾಮಾನ ಇಲಾಖೆಯಲ್ಲಿ ದಾಖಲಾಗಿದೆ. ಫೆಬ್ರವರಿ ೯ರಂದು ಮಾತ್ರ ಅವರ ಯಂತ್ರ ಕೆಟ್ಟಿತ್ತು. "ಅವತ್ತು ಹಿಮ ಬಿತ್ತಾ, ಬರೀ ಮಳೆನಾ, ಯಾರಾದ್ರೂ ಬರೆದಿಟ್ಟಿದ್ದಾರಾ?"

"ನೋಡಿ ಹೇಳ್ತೀನಿ" ಅಂದೆ.

ಏಪ್ರಿಲ್ ೯

ನೋಡಿದೆ. 'ನಾಲ್ಕು ಅಂಗುಲ ಹಿಮ. ಗುತ್ತಿಗೆದಾರ ಬಂದು ಹೋದ.' ನನ್ನದೇ ಅಕ್ಷರ, ಅದೂ ಶಾಯಿಯಲ್ಲಿ.

ಈ ಪುಸ್ತಕ ಓದುವವರು ಯಾರೂ ಇಲ್ಲ. ಹಾಳೆ ಹರಿದರೆ ಒಲೆ ಪಕ್ಕದಲ್ಲೇ ಇದೆ. ಎರಡು ಕಪ್ ಚಹಾ ಕುಡಿಯುವವರೆಗೂ ಹಾಳೆಯ ಮೂಲೆ ಹಿಡಿದು ಕೂತಿದ್ದೆ. ಲಾಕ್ಲಿನ್ ಹೋದ ವರ್ಷವಷ್ಟೇ ಸಾಲ ಮಾಡಿ ಹೊಸ ಟ್ರಕ್ ಕೊಂಡಿದ್ದಾನಂತೆ. ಪುರಸಭೆಯ ಗುತ್ತಿಗೆ ಹೋದರೆ ಅದನ್ನು ಇಟ್ಟುಕೊಂಡು ಏನು ಮಾಡುತ್ತಾನೆ, ಮುದ್ದಾಡುತ್ತಾನೆಯೇ?

ಹರಿಯಲಿಲ್ಲ. ಫೋನ್ ಮಾಡಿ ಹಿಮ ಬಿದ್ದಿತ್ತು ಎಂದು ಹೇಳಿದೆ. ರಾತ್ರಿ ಊಟ ಸೇರಲಿಲ್ಲ, ಮೀನಿನ ವಡೆ ಹಳಸಿತ್ತೋ ಏನೋ.

ಮೇ ೩

ಕೊಲೆಟ್ ಫೋನ್ ಮಾಡಿದ್ದಳು. ಅವಳಿಗೆ ಮಾತಿನ ನಡುವೆ ಉಸಿರು ಬೇಡ.

"ಅತ್ತಿಗೆ, ಇವ್ರಿಗೆ ನಿದ್ದೆ ಇಲ್ಲ. ದಂಡ ಹಾಕ್ಲಿ, ಗುತ್ತಿಗೆ ಹೋಗ್ಲಿ, ಅದಕ್ಕಲ್ಲ. ಇನ್ನೂರು ಡಾಲರ್ ಮೇಲೆ ಕೊಟ್ಟೋರ ಹೆಸರು ಪಟ್ಟೀಲಿ ಹಾಕಿ ಊರಿಗೆಲ್ಲಾ ತೋರಿಸ್ತಾರಂತಲ್ಲ? ನಿಮ್ಮ ಪಕ್ಷದ ದಾನಿಗಳ ಪಟ್ಟೀಲಿ ಇವ್ರ ಹೆಸರು! ನಮ್ಮಪ್ಪ ನೋಡಿದ್ರೆ ಇಬ್ರನ್ನೂ ಮನೆಯಿಂದ ಆಚೆ ಹಾಕ್ತಾರೆ."

"ಹಾಗಾದ್ರೆ ಯಾಕೆ ತೆಗೆದೆ ಅಂತ ಬರೆದುಕೊಡೋಕೆ ಹೇಳು."

"ಅಯ್ಯೋ ಅತ್ತಿಗೆ, ಅದನ್ನ ಹೇಳೋದಕ್ಕಿಂತ ಜೈಲಿಗೆ ಹೋಗ್ತಾರೆ ಇವ್ರು." ಒಮ್ಮೆ ಉಸಿರೆಳೆದುಕೊಂಡು, "ನಿಮಗೆ ನಿಜವಾಗ್ಲೂ ಗೊತ್ತಾಗಿಲ್ವಾ?" ಅಂದಳು.

ಏನು ಗೊತ್ತಾಗಬೇಕು? ಒಗಟು ಬಿಡಿಸುವ ವಯಸ್ಸಲ್ಲ ನನ್ನದು.

ಮೇ ೧೭, ಶನಿವಾರ

ಆಡಿಟರ್ ಕಾಗದಪತ್ರ ಕೇಳಿದ್ದಾರೆ. ಜೋಡಿಸಿಡಲೆಂದು ಪೆಟಿಪಾನ ಆರು ಫೋಟೋ ಮೇಜಿನ ಮೇಲೆ ಹರಡಿದೆ. ಇವನ್ನು ನೂರು ಸಲ ನೋಡಿದ್ದೇನೆ. ಹಿಮದ ಎತ್ತರ ಅಳೆದಿದ್ದೇನೆ, ಕಾರುಗಳನ್ನು ಎಣಿಸಿದ್ದೇನೆ, ಟ್ರಕ್ಕಿನ ನಂಬರ್ ಓದಿದ್ದೇನೆ. ಇವತ್ತು ಕನ್ನಡಕ ಒರೆಸಿ ನಾಲ್ಕನೆಯದನ್ನು ನೋಡಿದೆ.

ಟ್ರಕ್ ನಿಂತಿದೆ. ಅವನು ಕೆಳಗಿಳಿದು ಸಲಿಕೆ ಹಿಡಿದು ಬಗ್ಗಿದ್ದಾನೆ. ಫೋಟೋಗೆ ನಿಂತ ಭಂಗಿ ಎಂದುಕೊಂಡಿದ್ದೆ. ಅಲ್ಲ. ಅವನ ಹಿಂದೆ ಒಂದು ಸಣ್ಣ ದಾರಿ ಇದೆ, ಒಬ್ಬರು ನಡೆಯುವಷ್ಟೇ ಅಗಲ. ಕೈಯಲ್ಲಿ ತೋಡಿ, ಕಾಲು ಜಾರದಿರಲೆಂದು ಒಲೆಯ ಬೂದಿ ಉದುರಿಸಿದ್ದು. ಅದು ಕಚೇರಿಯ ಹಿಂಬಾಗಿಲಿನಿಂದ ಹೊರಟು, ಆ ಹಾಳು ಕೊಳಾಯಿಯ ನೀರು ಹೆಪ್ಪುಗಟ್ಟಿದ ಜಾಗವನ್ನು ಬಳಸಿಕೊಂಡು, ನನ್ನ ಅಡುಗೆಮನೆಯ ಮೆಟ್ಟಿಲಿಗೆ ಬಂದು ಮುಗಿಯುತ್ತದೆ.

ನನ್ನ ಅಡುಗೆಮನೆ ಬಾಗಿಲಿನಿಂದ ಯಾವ ಮತದಾರನೂ ಬರುವುದಿಲ್ಲ.

ಆ ಬೂದಿ ಯಾರೋ ಹುಡುಗರು ಹಾಕುತ್ತಾರೆ ಎಂದುಕೊಂಡು ಆರು ವಾರ ಅದರ ಮೇಲೆ ನಡೆದೆ. ಒಮ್ಮೆಯೂ ಜಾರಲಿಲ್ಲ. ನನ್ನ ಸೊಂಟ ಗಟ್ಟಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಎಂಥ ದಡ್ಡಿ!

ಮೇ ೧೮

ಟೊಮೇಟೊ ಇನ್ನೂ ನೆಟ್ಟಿಲ್ಲ, ಕೋಲು ಸುಮ್ಮನೆ ಬಿದ್ದಿತ್ತು. ಹಿಡಿದುಕೊಂಡು ಲಾಕ್ಲಿನ್ ಮನೆಯವರೆಗೂ ನಡೆದೆ. ಅವನು ಟ್ರಕ್ಕಿನ ಕೆಳಗೆ ಮಲಗಿ ಏನೋ ಬಿಚ್ಚುತ್ತಿದ್ದ. ಬೂಟು ಮಾತ್ರ ಕಾಣುತ್ತಿತ್ತು. ಬೂಟಿನ ಪಕ್ಕ ಫೋಟೋ ಇಟ್ಟೆ. ಒಂದು ಕೈ ಬಂದು ಅದನ್ನು ಒಳಗೆಳೆದುಕೊಂಡಿತು.

ಟ್ರಕ್ಕಿನ ಕೆಳಗಿನಿಂದ ಮಾತು ಬಂತು. "ಪೆಟಿಪಾ ಫೋಟೋ ಚೆನ್ನಾಗಿ ತೆಗೀತಾನೆ."

"ನಿಂಗ್ಯಾರೋ ಹೇಳಿದ್ರು ಮಾಡು ಅಂತ?"

"ನಿಂಗ್ಯಾರೇ ಹೇಳಿದ್ರು, ಪೇಂಟರ್ ಕೈಲಿ ಕೊಳಾಯಿ ಮಾಡ್ಸು ಅಂತ? ಅಂಗಳ ಎಲ್ಲಾ ಗಾಜು ಮಾಡಿಟ್ಟಿದ್ದೆ."

ಹನ್ನೊಂದು ವರ್ಷದ ಮೇಲೆ ಆಡಿದ ಮೊದಲ ಮಾತು ಇದು. ಬರುವಾಗ ಗಾಳಿ ಜೋರಿತ್ತು, ಕಣ್ಣಲ್ಲಿ ನೀರು ಬಂತು.

ಜೂನ್ ೩

ಪ್ರಮಾಣಪತ್ರ ಕೊಡಲು ಒಪ್ಪಿದ. ಬೇರೆ ಯಾರ ಮುಂದೆಯೂ ಹೇಳುವುದಿಲ್ಲವಂತೆ. ಊರಲ್ಲಿ ಟೈಪ್ ಬರುವುದೂ ನನಗೊಬ್ಬಳಿಗೇ. ಬೆಳಿಗ್ಗೆ ಹತ್ತಕ್ಕೆ ಬಂದು ನನ್ನ ಅಡುಗೆಮನೆಯಲ್ಲಿ, ಟೋಪಿ ತೆಗೆಯದೆ, ಗೋಡೆಯ ಕಡೆ ಮುಖಮಾಡಿ ಕೂತ. ನಾನು ಯಂತ್ರದ ಮುಂದೆ ಕೂತೆ.

"ಹಾಕು. ಲಾಕ್ಲಿನ್ ಮ್ಯಾಕಾಸ್ಕಿಲ್ ಆದ ನಾನು ಆ ಪಕ್ಷಕ್ಕೆ ಯಾವತ್ತೂ ಮತ ಹಾಕಿಲ್ಲ, ಹಾಕೋದೂ ಇಲ್ಲ."

"ಮದುವೆಗೆ ಮುಂಚೆ ಎರಡು ಸಲ ಹಾಕಿದ್ದೀಯ. ಇದು ಪ್ರಮಾಣ ಮಾಡಿ ಹೇಳೋ ಮಾತು."

"ಮದುವೆ ಆದ್ಮೇಲೆ ಅಂತ ಹಾಕು. ಆ ಡೂಗಲ್ ಹಿಮದಲ್ಲಿ ಕುತ್ತಿಗೆವರೆಗೂ ಹೂತಿದ್ರೂ ಟೋಪಿ ಎತ್ತಿ ನಮಸ್ಕಾರ ಹೇಳಿ ಮುಂದೆ ಹೋಗ್ತಿದ್ದೆ. ಹಾಕಿದ್ಯಾ?"

"ಹಾಕಿದೆ. ಮುಂದೆ."

"ನಮ್ಮಕ್ಕ ಹೊಸ ಸೊಂಟ ಹಾಕಿಸ್ಕೊಂಡಿದ್ದಾಳೆ."

"ಹೆಸರು ಹಾಕಬೇಕು. ಕುಮಾರಿ ಮರ್ಡೀನಾ ಮ್ಯಾಕಾಸ್ಕಿಲ್."

"ನಮ್ಮಕ್ಕ ಅಂತ ಹಾಕು. ಪ್ರಮಾಣ ಮಾಡೋನು ನಾನು." ಹಾಕಿದೆ. "ಡಾಕ್ಟ್ರು ಕೋಲು ಕೊಟ್ಟಿದ್ದಾರೆ, ಹಿಡಿಯಲ್ಲ. ಹಠಮಾರಿ."

"ಹಠಮಾರಿ ಅನ್ನೋದು ವಿಷಯಕ್ಕೆ ಸಂಬಂಧ ಇಲ್ಲ."

"ಅದೇ ವಿಷಯ. ಅದಿಲ್ದೆ ಮಿಕ್ಕಿದ್ದು ಯಾರಿಗೂ ಅರ್ಥ ಆಗಲ್ಲ."

ಹಾಕಿದೆ.

"ಯಾರಾದ್ರೂ ಏನಾದ್ರೂ ಮಾಡಿಕೊಟ್ರೆ ಸಂಜೆಯೊಳಗೆ ಲೆಕ್ಕ ಚುಕ್ತಾ ಮಾಡ್ತಾಳೆ. ಕೇಳಿದ್ರೆ ಬೇಡ ಅಂತಾಳೆ. ಅದಕ್ಕೇ ಕೇಳ್ಲಿಲ್ಲ, ಅವಳು ಏಳೋಕೆ ಮುಂಚೆ ಬಂದು ತೆಗೆದೆ. ನನ್ನ ಟ್ರಕ್ ಅವಳ ಮನೆ ಹಿಂದಿನ ಸಂದೀಲಿ ತಿರುಗಲ್ಲ. ಅದಕ್ಕೆ ಕಚೇರಿ ಅಂಗಳ ಪೂರ್ತಿ ತೆಗೀಬೇಕಾಯ್ತು. ಆ ಪಕ್ಷಕ್ಕೆ ಅದ್ರಿಂದ ಅನುಕೂಲ ಆಗಿದ್ರೆ ನಂಗೆ ಬೇಜಾರಿದೆ." ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡ. "ಅವಳು ಬಿದ್ರೆ ನಂಗೆ ಇನ್ಯಾರೂ ಇಲ್ಲ, ನಮ್ಮಮ್ಮ ಹೋದ್ಮೇಲೆ. ಕೊಲೆಟ್ ಇದ್ದಾಳೆ, ಅದು ಬೇರೆ. ಇದನ್ನ ಹಾಕ್ಬೇಡ."

ಹಾಕಿದೆ. ಹೇಳಿದ್ದನ್ನೆಲ್ಲ ಬರೆಯಬೇಕೆಂಬುದು ನಿಯಮ. ಮೂರು ಅಕ್ಷರ ತಪ್ಪಾದವು. ಮೂವತ್ತೊಂದು ವರ್ಷದಲ್ಲಿ ನನಗೆ ಹಾಗೆ ಆಗಿರಲಿಲ್ಲ. ಯಂತ್ರ ಹಳತಾಗಿದೆ.

ವಕೀಲರ ಮುಂದೆ ಸಹಿ ಹಾಕಲು ಇಬ್ಬರೂ ಅವನ ಟ್ರಕ್ಕಿನಲ್ಲೇ ಹೋದೆವು.

ಜೂನ್ ೨೩

ಲೋರಾಂದೊ ಅವರ ಪತ್ರ ಬಂತು. ಹಿಮ ತೆಗೆದದ್ದು ಅಭ್ಯರ್ಥಿಗೆ ಕೊಟ್ಟ ದೇಣಿಗೆಯಲ್ಲ, ಬಂಧುಗಳ ನಡುವಿನ ಖಾಸಗಿ ಉಪಕಾರ. ಕಡತ ಮುಚ್ಚಿದೆ. ಕೊನೆಗೆ ಅವರೇ ಕೈಯಿಂದ ಒಂದು ಸಾಲು ಸೇರಿಸಿದ್ದಾರೆ: 'ಆ ಉಪಕಾರದ ಲೆಕ್ಕ ನಮ್ಮ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲ ಮೇಡಂ, ನೀವೇ ನೋಡಿಕೊಳ್ಳಿ.'

ಗಡುವಿಗೆ ಎರಡು ದಿನ ಮುಂಚೆ ಲೆಕ್ಕ ಒಪ್ಪಿಸಿದೆ. ಸಹಿ ನೆಟ್ಟಗೆ ಬಂತು. ಕೊಳಾಯಿ ರಿಪೇರಿಯವನನ್ನು ಕರೆಸಿ, ನನ್ನ ಕೈಯಿಂದ ದುಡ್ಡು ಕೊಟ್ಟು, ಆ ಕೊಳಾಯಿ ಸರಿಮಾಡಿಸಿದೆ. ಹದಿನೈದು ನಿಮಿಷದ ಕೆಲಸ.

ನವೆಂಬರ್ ೨೨, ಶನಿವಾರ

ಈ ಸಲದ ಮೊದಲ ಹಿಮ. ಕಚೇರಿ ಮುಚ್ಚಿ ತಿಂಗಳುಗಳಾದವು, ಪಕ್ಕದ ಅಂಗಡಿ ಖಾಲಿ ಬಿದ್ದಿದೆ. ಆದರೂ ಐದು ಗಂಟೆಗೆ ಟ್ರಕ್ಕಿನ ಸದ್ದು. ಅಂಗಳ ಪೂರ್ತಿ ತೆಗೆದ, ಆಮೇಲೆ ಇಳಿದು ದಾರಿ ತೋಡಿ ಬೂದಿ ಉದುರಿಸಿದ. ಎಲ್ಲಿಗೂ ಹೋಗದ ದಾರಿ! ನಾನು ಕಿಟಕಿಯಲ್ಲೇ ನಿಂತು ನೋಡಿದೆ. ಋಣ ಬರೆಯುವ ಕೊನೆಯ ಪುಟಗಳನ್ನು ತೆರೆದು ಬರೆಯಬೇಕು ಅಂದುಕೊಂಡವಳು, ಅಷ್ಟು ಪುಟ ತಿರುವಲು ಬೇಜಾರಾಗಿ ಬಿಟ್ಟೆ. ಹೋಗುವಾಗ ಕರೆದು ಒಂದು ತಟ್ಟೆ ಓಟ್ಸ್ ಬಿಸ್ಕತ್ತು ಕೊಟ್ಟೆ.

"ಇದು ದೇಣಿಗೆನಾ?" ಅಂದ.

"ತಿಂದು ಸಾಯಿ" ಅಂದೆ.

ನವೆಂಬರ್ ೨೪

ಲಾಕಿ ತಟ್ಟೆ ವಾಪಸ್ ತಂದ. ಖಾಲಿ. ತೊಳೆದೂ ಇರಲಿಲ್ಲ.